ಗಾಳಿಸೀಮೆಯಲ್ಲಿ ತಗಡಿನ ಛಾವಣಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಮನೆ ಪಕ್ಕದ ಕಾರು ಶೆಡ್ಡು, ಹೊಲದಂಚಿನ ಟ್ರ್ಯಾಕ್ಟರ್ ಶೆಡ್ಡು, ತೋಟದೊಳಗಿನ ಅಡಿಕೆ ಬೇಯಿಸುವ ಶೆಡ್ಡು, ಈರುಳ್ಳಿ ಅಥವಾ ಕೊಬ್ಬರಿ ಕೂಡಿಡುವ ಕೊಟ್ಟಿಗೆ ಇವೆಲ್ಲಕ್ಕೂ ತಗಡಿನ ಹೊದಿಕೆಯೇ ಇಂದು ರೂಢಿಯ ಛಾವಣಿಯಾಗಿದೆ. ಕಾಂಕ್ರೀಟಿನ ತಾರಸಿಗೆ ಹೋಲಿಸಿದರೆ ಇದರ ಖರ್ಚು ಕಡಿಮೆ. ಕೆಲಸ ವಾರದೊಳಗೆ ಮುಗಿಯುತ್ತದೆ. ವೆಲ್ಡಿಂಗ್ ಬಲ್ಲವರೊಬ್ಬರ ನೆರವು ದೊರೆತರೆ ಉಳಿದದ್ದನ್ನು ಮನೆಯವರೇ ಮಾಡಿಕೊಳ್ಳಬಹುದು. ಆದರೆ ಪ್ರತಿ ಬೇಸಿಗೆಯ ಕೊನೆಯಲ್ಲಿ, ಮುಂಗಾರಿಗೆ ಮುನ್ನ ಬೀಸುವ ಬಿರುಗಾಳಿಗೆ ಶೀಟುಗಳು ಹಾರಿಹೋದ ಸುದ್ದಿ ಈ ಭಾಗದ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತದೆ. ಹಾಗೆ ಹಾರಿಹೋದ ಛಾವಣಿಗಳಲ್ಲಿ ತಗಡು ಕಳಪೆಯಾಗಿರುವುದಕ್ಕಿಂತ ಅದನ್ನು ನೆಲಕ್ಕೆ ಬಿಗಿದ ಜೋಡಣೆ ದುರ್ಬಲವಾಗಿರುವುದೇ ಹೆಚ್ಚು. ಬಿಸಿಲು ಮತ್ತು ಮಳೆಯನ್ನು ತಡೆಯುವುದಷ್ಟೇ ಛಾವಣಿಯ ಕೆಲಸವೆಂದು ತಿಳಿದು ಕಟ್ಟಿದ ಶೆಡ್ಡು ಗಾಳಿಯ ಮುಂದೆ ನಿಲ್ಲುವುದಿಲ್ಲ ಎಂಬುದನ್ನು ಸ್ವಂತ ಕೈಯಿಂದ ಶೆಡ್ಡು ಕಟ್ಟಲು ಹೊರಡುವವರು ಮೊದಲೇ ಅರಿತಿರಬೇಕು.

ಈ ತೊಡಕು ಹಿಂದಿನವರಿಗೆ ಇರಲಿಲ್ಲ. ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಇಳಿಜಾರಿನ ಹೆಂಚಿನ ಮನೆಗಿಂತ ಚಪ್ಪಟೆಯಾದ ಮಾಳಿಗೆ ಮನೆಯೇ ಬಹುಕಾಲ ವಾಡಿಕೆಯಲ್ಲಿತ್ತು. ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಚಕ್ಕೆ ಮತ್ತು ಸೊಪ್ಪು, ಅದರ ಮೇಲೆ ದಪ್ಪವಾಗಿ ತುಳಿದು ಕೂರಿಸಿದ ಮಣ್ಣು, ಎಲ್ಲಕ್ಕೂ ಮೇಲೆ ನೀರಿಳಿಯದಂತೆ ಹರಡಿದ ಕರಲು ಮಣ್ಣು, ಅಂದರೆ ಲವಣಾಂಶದ ಚೌಳು ಮಣ್ಣು, ಇದು ಮಾಳಿಗೆಯ ರಚನೆ. ಅರ್ಧ ಅಡಿ ದಪ್ಪದ ಇಂಥ ಹೊದಿಕೆಯ ಭಾರ ಪ್ರತಿ ಚದರ ಮೀಟರಿಗೆ 200 ಕಿಲೋ ಮೀರುವುದರಿಂದ ಎಂಥ ಗಾಳಿಯೂ ಅದನ್ನು ಎತ್ತಲಾರದು. ಕಟ್ಟುವವರ ಚಿಂತೆಯೆಲ್ಲ ಆ ಭಾರವನ್ನು ಗೋಡೆ ಮತ್ತು ಕಂಬಗಳು ಹೊರುವಂತೆ ಮಾಡುವುದರಲ್ಲಿತ್ತು. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟಿನ ಭಾರವಾದರೋ ಚದರ ಮೀಟರಿಗೆ ನಾಲ್ಕರಿಂದ ಐದು ಕಿಲೋ ಮಾತ್ರ. ಹೊರುವ ಚಿಂತೆ ಇಲ್ಲಿ ಬಹುಮಟ್ಟಿಗೆ ಹೋಗಿ ಅದರ ಜಾಗಕ್ಕೆ ಹಿಡಿದಿಡುವ ಚಿಂತೆ ಬಂದಿದೆ. ಮಾಳಿಗೆಯ ಕಾಲದ ಅನುಭವ ಈ ಹೊಸ ಚಿಂತೆಗೆ ನೆರವಾಗದ ಕಾರಣ, ಅನುಭವಸ್ಥರು ಕಟ್ಟಿದ ಶೆಡ್ಡುಗಳಲ್ಲಿಯೂ ಕೆಳಗಿನ ಬುನಾದಿ ಹಗುರವಾಗಿರುವುದನ್ನು ಕಾಣಬಹುದು.

ಅಲೆಯಾಕಾರದ ತಗಡಿಗೆ ಎರಡು ಶತಮಾನಗಳಷ್ಟು ಇತಿಹಾಸವಿದೆ. ಲಂಡನ್ನಿನ ಹಡಗುಕಟ್ಟೆಯ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಇದರ ಹಕ್ಕುಸ್ವಾಮ್ಯ ಪಡೆದನು. ಚಪ್ಪಟೆ ತಗಡು ತನ್ನ ಭಾರಕ್ಕೇ ಬಾಗುತ್ತದೆ. ಅದನ್ನೇ ಏರಿಳಿತಗಳಾಗಿ ಮಡಿಸಿದಾಗ ಮಡಿಕೆಯ ಉದ್ದಕ್ಕೂ ಅದು ಸಣ್ಣ ತೊಲೆಗಳ ಸಾಲಿನಂತೆ ವರ್ತಿಸಿ, ಎರಡು ಆಧಾರಗಳ ನಡುವಿನ ಅಂತರವನ್ನು ದಾಟಿ ನಿಲ್ಲುತ್ತದೆ. ಕಬ್ಬಿಣವನ್ನು ತುಕ್ಕಿನಿಂದ ಕಾಯುವ ಸತುವಿನ ಲೇಪಕ್ಕೆ ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ 1837ರಲ್ಲಿ ಹಕ್ಕುಸ್ವಾಮ್ಯ ಪಡೆದನು. ಸತುವು ಕೇವಲ ಮೇಲುಹೊದಿಕೆಯಾಗಿ ನಿಲ್ಲದೆ, ಗೀರು ಬಿದ್ದ ಜಾಗದಲ್ಲಿ ಕಬ್ಬಿಣಕ್ಕಿಂತ ಮೊದಲು ತಾನೇ ಕರಗುತ್ತ ಕಬ್ಬಿಣವನ್ನು ಉಳಿಸುತ್ತದೆ. ಆದ್ದರಿಂದ ಲೇಪ ಎಷ್ಟು ದಪ್ಪವಿದೆಯೋ ಅಷ್ಟು ವರ್ಷ ಶೀಟಿನ ಆಯುಷ್ಯ ಹೆಚ್ಚುತ್ತದೆ. 1970ರ ದಶಕದಲ್ಲಿ ಬಳಕೆಗೆ ಬಂದ ಇನ್ನೊಂದು ಬಗೆಯ ಲೇಪದಲ್ಲಿ ತೂಕದ ಲೆಕ್ಕದಲ್ಲಿ ಶೇ 55ರಷ್ಟು ಅಲ್ಯೂಮಿನಿಯಂ, ಶೇ 43.4ರಷ್ಟು ಸತು ಮತ್ತು ಶೇ 1.6ರಷ್ಟು ಸಿಲಿಕಾನ್ ಇರುತ್ತವೆ. ಇಂದು ಅಂಗಡಿಗಳಲ್ಲಿ ಸಿಗುವ ಬಣ್ಣದ ಶೀಟುಗಳಲ್ಲಿ ಹಲವು ಈ ಲೇಪದ ಮೇಲೆ ಬಣ್ಣ ಹಚ್ಚಿದವುಗಳು.

ಈ ನಾಲ್ಕು ತಾಲ್ಲೂಕುಗಳಲ್ಲಿ ಗಾಳಿ ಎಷ್ಟು ಬಲವಾಗಿದೆ ಎಂಬುದಕ್ಕೆ ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಸಾಕ್ಷಿ. ಚಿತ್ರದುರ್ಗದ ಜೋಗಿಮಟ್ಟಿಯಿಂದ ಹಿಡಿದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಕಡೆಯ ಗುಡ್ಡಸಾಲುಗಳವರೆಗೆ ಅವು ನಿಂತಿರುವುದು ಇಲ್ಲಿನ ಗಾಳಿ ವಿದ್ಯುತ್ತಿಗೆ ತಕ್ಕಷ್ಟು ಬಲವಾಗಿಯೂ ನಿಯಮಿತವಾಗಿಯೂ ಬೀಸುವುದರಿಂದ. ಆದರೆ ಯಂತ್ರ ತಿರುಗಿಸುವ ಗಾಳಿಯೂ ಛಾವಣಿ ಕೀಳುವ ಗಾಳಿಯೂ ಒಂದೇ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯದಿಂದ ಬೀಸುವ ಆಷಾಢದ ಗಾಳಿ ದಿನಗಟ್ಟಲೆ ಒಂದೇ ಸಮನೆ ಬರುತ್ತದೆ; ಅದು ಶೀಟನ್ನು ಒಮ್ಮೆಲೇ ಕೀಳುವ ಬದಲು ನಿರಂತರವಾಗಿ ಅಲುಗಾಡಿಸಿ ಸ್ಕ್ರೂಗಳನ್ನು ಸಡಿಲಗೊಳಿಸುತ್ತದೆ, ಸ್ಕ್ರೂ ತೂರಿದ ರಂಧ್ರಗಳನ್ನು ಅಗಲಿಸುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಅಂದರೆ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ದಿನಗಳಲ್ಲಿ, ಮಧ್ಯಾಹ್ನದ ಮೇಲೆ ಕಟ್ಟುವ ಗುಡುಗಿನ ಮೋಡಗಳಿಂದ ತಣ್ಣನೆಯ ಗಾಳಿ ಏಕಾಏಕಿ ನೆಲಕ್ಕೆ ಕುಸಿದು ಯಾವ ದಿಕ್ಕಿಗಾದರೂ ನುಗ್ಗುತ್ತದೆ. ಅದರ ಆಯುಷ್ಯ ಕೆಲವೇ ನಿಮಿಷಗಳಾದರೂ, ಹಿಂದಿನ ಆಷಾಢದಲ್ಲಿ ಸಡಿಲವಾದ ಜೋಡಣೆಗಳನ್ನು ಕಿತ್ತೊಗೆಯಲು ಅಷ್ಟು ಸಾಕು.

ಗಾಳಿ ಛಾವಣಿಯನ್ನು ಮೇಲಿನಿಂದ ಒತ್ತುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದ್ದರೂ ನಡೆಯುವುದು ಬಹುಪಾಲು ಅದಕ್ಕೆ ವಿರುದ್ಧ. ಗಾಳಿ ಗೋಡೆಗೆ ಬಡಿದು ಛಾವಣಿಯ ಅಂಚನ್ನು ಹಾರಿ ವೇಗವಾಗಿ ಸಾಗುವಾಗ ಛಾವಣಿಯ ಮೇಲ್ಭಾಗದಲ್ಲಿ ಒತ್ತಡ ಕುಸಿದು ತಗಡು ಮೇಲಕ್ಕೆ ಸೆಳೆಯಲ್ಪಡುತ್ತದೆ. ಆಷಾಢದಲ್ಲಿ ಮಕ್ಕಳ ಗಾಳಿಪಟವನ್ನು ಎತ್ತುವುದೂ ಇಂಥದೇ ಒತ್ತಡದ ಅಂತರ. ವಾಹನದ ಶೆಡ್ಡಿಗೆ ಮುಂಭಾಗ ಪೂರ್ತಿ ತೆರೆದಿರುವುದು ಇನ್ನೊಂದು ತೊಂದರೆ. ಒಳಹೊಕ್ಕ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಅದು ಕೆಳಗಿನಿಂದ ತಗಡನ್ನು ನೂಕುತ್ತದೆ, ಹೀಗೆ ಮೇಲಿನ ಸೆಳೆತ ಮತ್ತು ಕೆಳಗಿನ ನೂಕು ಎರಡೂ ಒಂದುಗೂಡುತ್ತವೆ.

ಈ ಬಲವನ್ನು ಲೆಕ್ಕ ಹಾಕುವ ಕ್ರಮವನ್ನು ಭಾರತೀಯ ಮಾನಕ ಬ್ಯೂರೋದ ಐಎಸ್ 875 ಎಂಬ ಸಂಹಿತೆಯ ಮೂರನೆಯ ಭಾಗ ವಿವರಿಸುತ್ತದೆ. ಅದರ ಪರಿಷ್ಕೃತ ಆವೃತ್ತಿ 2015ರದು. ದೇಶವನ್ನು ಗಾಳಿಯ ವೇಗಕ್ಕೆ ಅನುಗುಣವಾಗಿ ಆರು ವಲಯಗಳಾಗಿ ವಿಂಗಡಿಸಿರುವ ಆ ಸಂಹಿತೆಯಲ್ಲಿ ಅತಿ ಕಡಿಮೆಯ ವಲಯಕ್ಕೂ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್ ವೇಗವನ್ನು ಗೊತ್ತುಮಾಡಲಾಗಿದೆ. ಬೆಂಗಳೂರು ಈ ವಲಯದಲ್ಲಿದೆ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ದೊರೆಯುತ್ತದೆ. 33 ಮೀಟರ್ ವೇಗಕ್ಕೆ ಅದು ಚದರ ಮೀಟರಿಗೆ 653 ನ್ಯೂಟನ್, ಸುಮಾರು 66 ಕಿಲೋ ಭಾರಕ್ಕೆ ಸಮ. ಕಡಿಮೆ ಇಳಿಜಾರಿನ ಛಾವಣಿಯ ಮೇಲಿನ ಸೆಳೆತಕ್ಕೆ 0.9 ಮತ್ತು ಒಂದು ಬದಿ ಪೂರ್ತಿ ತೆರೆದ ಕಟ್ಟಡದ ಒಳನೂಕಿಗೆ 0.7 ಎಂಬ ಗುಣಕಗಳನ್ನು ಹಿಡಿದರೆ ಒಟ್ಟು ಎತ್ತುವ ಬಲ ಚದರ ಮೀಟರಿಗೆ 106 ಕಿಲೋ ಭಾರದಷ್ಟಾಗುತ್ತದೆ. ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಶೆಡ್ಡಿನ ಛಾವಣಿ ಸುಮಾರು 22 ಚದರ ಮೀಟರ್ ಇರುವುದರಿಂದ ಅದನ್ನು ಮೇಲೆತ್ತುವ ಬಲ ಎರಡು ಟನ್ನಿಗೂ ಹೆಚ್ಚು. ಶೀಟು ಮತ್ತು ಪೈಪುಗಳ ಒಟ್ಟು ಭಾರ ಚದರ ಮೀಟರಿಗೆ 15 ಕಿಲೋ ಎಂದುಕೊಂಡರೂ ಎದುರು ನಿಲ್ಲುವುದು 330 ಕಿಲೋ ಮಾತ್ರ. ಇದು ಸರಳಗೊಳಿಸಿದ ಲೆಕ್ಕ. ಗುಡ್ಡದ ನೆತ್ತಿಯಲ್ಲಿ ವೇಗ ಹೆಚ್ಚುವುದರಿಂದ ಸಂಹಿತೆ ಅಲ್ಲಿಗೆ ಬೇರೆ ಗುಣಕ ಕೊಡುತ್ತದೆ, ಛಾವಣಿಯ ಮೂಲೆ ಮತ್ತು ಅಂಚುಗಳಲ್ಲಿ ಸೆಳೆತ ನಡುಭಾಗಕ್ಕಿಂತ ಇನ್ನೂ ಹೆಚ್ಚು. ಆದರೂ ಈ ಒಂದು ಲೆಕ್ಕದಿಂದಲೇ ಉಳಿದ ಎಲ್ಲ ನಿರ್ಧಾರಗಳೂ ಹುಟ್ಟುತ್ತವೆ.

ಮೊದಲನೆಯದು ಬುನಾದಿ. ಮೇಲಿನ ಶೆಡ್ಡಿಗೆ ಆರು ಕಂಬಗಳಿದ್ದರೆ ಛಾವಣಿಯ ಭಾರ ಕಳೆದು ಪ್ರತಿ ಕಂಬವೂ 340 ಕಿಲೋದಷ್ಟು ಮೇಲ್ಸೆಳೆತವನ್ನು ತಡೆಯಬೇಕಾಗುತ್ತದೆ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಎರಡೂವರೆ ಅಡಿ ಆಳದ ಗುಂಡಿಗೆ ತುಂಬಿದ ಕಾಂಕ್ರೀಟಿನ ತೂಕ ಸುಮಾರು 380 ಕಿಲೋ ಆಗುವುದರಿಂದ ಕಂಬಕ್ಕೊಂದು ಇಂಥ ಗುಂಡಿ ಅತಿ ಕಡಿಮೆಯ ಅಗತ್ಯವೆನ್ನಬಹುದು. ಗುಡ್ಡದ ಮೇಲೆ, ಕೆರೆಯಂಗಳದ ಪಕ್ಕದಲ್ಲಿ, ಸುತ್ತ ಮರಗಳಿಲ್ಲದ ಹೊಲದ ನಡುವೆ ಇದಕ್ಕಿಂತ ದೊಡ್ಡದೇ ಬೇಕು. ಒಂದು ಅಡಿ ಗುಂಡಿ ತೋಡಿ, ಕಂಬ ನಿಲ್ಲಿಸಿ, ಸುತ್ತ ಎರಡು ಬುಟ್ಟಿ ಜಲ್ಲಿ ಸುರಿಯುವ ಪದ್ಧತಿ ಗಾಳಿಯ ಮುಂದೆ ಯಾವ ಉಪಯೋಗಕ್ಕೂ ಬಾರದು. ಮಣ್ಣಿನ ಗುಣವನ್ನೂ ಇಲ್ಲಿ ನೋಡಬೇಕು. ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟು ಕಾಂಕ್ರೀಟಿನಿಂದ ದೂರ ಸರಿಯುತ್ತದೆ, ಬಿರುಗಾಳಿ ಬರುವುದೂ ಅದೇ ಬೇಸಿಗೆಯ ಕೊನೆಗೆ. ಆದ್ದರಿಂದ ಎರೆ ಭೂಮಿಯಲ್ಲಿ ಗುಂಡಿಯನ್ನು ಗಟ್ಟಿ ಗರಸು ಸಿಗುವವರೆಗೆ ಇಳಿಸಿ, ಮಣ್ಣಿನ ಹಿಡಿತವನ್ನು ನೆಚ್ಚದೆ ಕಾಂಕ್ರೀಟಿನ ತೂಕವನ್ನೇ ನೆಚ್ಚುವುದು ಕ್ಷೇಮ. ಕೆಂಪು ಗರಸು ನೆಲದಲ್ಲಿ ಈ ತೊಂದರೆ ಕಡಿಮೆ. ಕಂಬದ ಪೈಪನ್ನು ನೇರವಾಗಿ ಕಾಂಕ್ರೀಟಿನೊಳಗೆ ಇಳಿಸುವುದಾದರೆ, ಅದರ ತುದಿಗೆ ಅಡ್ಡಲಾಗಿ ಕಬ್ಬಿಣದ ತುಂಡುಗಳನ್ನು ಬೆಸುಗೆ ಹಾಕದಿದ್ದಲ್ಲಿ ಪೈಪು ಕಾಂಕ್ರೀಟಿನಿಂದ ಜಾರಿ ಮೇಲೆ ಬರಬಹುದು. ಕಾಂಕ್ರೀಟನ್ನು ನೆಲಮಟ್ಟಕ್ಕಿಂತ ನಾಲ್ಕಾರು ಇಂಚು ಎತ್ತರಿಸಿ ಇಳಿಜಾರಾಗಿ ಮುಗಿಸಿದರೆ ಕಂಬದ ಬುಡದಲ್ಲಿ ನೀರು ನಿಂತು ತುಕ್ಕು ಹಿಡಿಯುವುದು ತಪ್ಪುತ್ತದೆ.

ಕಂಬ, ಕಂಬದ ಮೇಲಿನ ತೊಲೆ ಅಥವಾ ಟ್ರಸ್ ಎನ್ನುವ ತ್ರಿಕೋನಾಕಾರದ ಚೌಕಟ್ಟು, ಅದರ ಮೇಲೆ ಅಡ್ಡಲಾಗಿ ಹಾಯುವ ಪರ್ಲಿನ್ ಪೈಪುಗಳು, ಪರ್ಲಿನ್‌ಗಳ ಮೇಲೆ ಶೀಟು, ಇವುಗಳ ಪ್ರತಿ ಕೂಡುಗೆಯ ಮೂಲಕವೂ ಅದೇ ಎರಡು ಟನ್ನಿನ ಬಲ ಹಾದುಹೋಗಿ ನೆಲ ಸೇರಬೇಕಾದ್ದರಿಂದ ವೆಲ್ಡಿಂಗನ್ನು ನುರಿತವರಿಗೇ ಒಪ್ಪಿಸಬೇಕು. ಅಲ್ಲಲ್ಲಿ ಚುಕ್ಕೆಯಷ್ಟೇ ಬೆಸುಗೆ ಹಾಕಿ ಬಿಟ್ಟ ಪರ್ಲಿನ್‌ಗಳು ಶೀಟುಗಳ ಸಮೇತ ಹಾರಿಹೋಗುವುದುಂಟು. ಪೈಪು ಕೂಡುವ ಎಲ್ಲ ಅಂಚುಗಳಲ್ಲಿಯೂ ಬೆಸುಗೆ ಪೂರ್ತಿ ಹರಿದಿರಬೇಕು, ತಣಿದ ಬಳಿಕ ಕಿಟ್ಟವನ್ನು ತಟ್ಟಿ ತೆಗೆದು ರೆಡ್ ಆಕ್ಸೈಡ್ ಬಳಿಯಬೇಕು. ಪರ್ಲಿನ್‌ಗಳ ನಡುವಿನ ಅಂತರ ಮೂರೂವರೆ ಅಡಿ ಮೀರದಿರುವುದು ಒಳ್ಳೆಯದು, ಸೂರಿನ ಅಂಚಿನಲ್ಲಿ ಮತ್ತು ನೆತ್ತಿಯಲ್ಲಿ ಇನ್ನೂ ಹತ್ತಿರವಿರಬೇಕು. ಕಂಬಗಳು ಗಾಳಿಗೆ ಓರೆಯಾಗದಂತೆ ಎರಡು ಬದಿಗಳಲ್ಲಿಯಾದರೂ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಕೊಡಬೇಕು. ಶೆಡ್ಡಿನ ಅಗಲ ಹದಿನೈದು ಅಡಿ ದಾಟಿದರೆ ಪೈಪಿನ ಅಳತೆಯನ್ನು ಊಹೆಗೆ ಬಿಡದೆ ಎಂಜಿನಿಯರ್ ಒಬ್ಬರನ್ನು ಕೇಳಿ ನಿರ್ಧರಿಸುವುದು ಲೇಸು.

ಇಳಿಜಾರಿನ ವಿಷಯದಲ್ಲಿ ಸಂಹಿತೆ ಕೊಡುವ ಒಂದು ಮಾಹಿತಿ ಸಾಮಾನ್ಯರಿಗೆ ತಿಳಿದಿರುವುದು ಅಪರೂಪ. ನೀರು ಹರಿಯಲು ಹತ್ತು ಅಡಿಗೆ ಒಂದು ಅಡಿ ಇಳಿಜಾರು ಸಾಕಾಗುತ್ತದೆ. ಆದರೆ ಎರಡು ಬದಿಗೆ ಇಳಿಯುವ ತಗ್ಗಾದ ಛಾವಣಿಯಲ್ಲಿ, ಗಾಳಿಗೆ ಎದುರಾದ ಪಾರ್ಶ್ವದ ಸೆಳೆತ ಹತ್ತು ಡಿಗ್ರಿ ಇಳಿಜಾರಿನ ಆಸುಪಾಸಿನಲ್ಲಿ ಅತಿ ಹೆಚ್ಚಾಗಿದ್ದು, ಇಪ್ಪತ್ತು ಡಿಗ್ರಿಗೆ ಬರುವಾಗ ಅದರ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಡಿಗೆ ನಾಲ್ಕು ಇಂಚಿನಂತೆ ಎತ್ತರ ಕೊಟ್ಟರೆ ಹದಿನೆಂಟು ಡಿಗ್ರಿಯಾಗುತ್ತದೆ. ಇದಕ್ಕೆ ತಗಲುವ ಹೆಚ್ಚುವರಿ ಪೈಪಿನ ಖರ್ಚು ಅಲ್ಪ, ಸಿಗುವ ರಕ್ಷಣೆ ದೊಡ್ಡದು.

ಶೀಟು ಕೊಳ್ಳುವಾಗ ಬಣ್ಣ ಮತ್ತು ಹೊಳಪಿಗಿಂತ ಎರಡು ಅಂಕಿಗಳನ್ನು ಕೇಳಿ ಪಡೆಯಬೇಕು. ಒಂದು, ಉಕ್ಕಿನ ದಪ್ಪ: ಬಣ್ಣ ಮತ್ತು ಲೇಪ ಸೇರಿದ ಒಟ್ಟು ದಪ್ಪವನ್ನು ಹೇಳಿ ಮಾರುವುದು ಸಾಮಾನ್ಯವಾಗಿರುವುದರಿಂದ ಬರೀ ಉಕ್ಕು ಎಷ್ಟೆಂದು ವಿಚಾರಿಸಬೇಕು. 0.35 ಮಿಲಿಮೀಟರಿನ ಶೀಟು ಕೈಗೆ ಅಗ್ಗವಾಗಿ ಸಿಕ್ಕರೂ ಸ್ಕ್ರೂ ತಲೆಯ ಸುತ್ತ ಬೇಗ ಹರಿಯುತ್ತದೆ. ಈ ಸೀಮೆಯ ಗಾಳಿಗೆ 0.45ರಿಂದ 0.50 ತಕ್ಕುದು. ಇನ್ನೊಂದು, ಲೇಪದ ತೂಕ: ಸತುವಿನ ಶೀಟಿಗೆ ಐಎಸ್ 277 ಎಂಬ ಮಾನಕವಿದ್ದು, ಲೇಪವನ್ನು ಎರಡೂ ಮೈ ಸೇರಿ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಾರೆ. 120 ಗ್ರಾಮಿನ ಶೀಟಿನಲ್ಲಿ ಒಂದೊಂದು ಮೈಗೆ ಎಂಟು ಮೈಕ್ರಾನಿನಷ್ಟು ಸತುವಿದ್ದರೆ 275 ಗ್ರಾಮಿನದರಲ್ಲಿ ಹತ್ತೊಂಬತ್ತು ಮೈಕ್ರಾನ್ ಇರುತ್ತದೆ. ಹಳೆಯ ಸಿಮೆಂಟ್ ಶೀಟುಗಳನ್ನು ತೆಗೆದು ತಗಡು ಹಾಕುವವರು ಅವುಗಳನ್ನು ಒಡೆಯದೆ, ಕೊರೆಯದೆ, ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು. ಅವುಗಳಲ್ಲಿನ ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ಹೊದಿಸುವ ಕೆಲಸ ಆರಂಭವಾಗುವುದು ಚೌಕಟ್ಟಿನ ಎರಡು ಕರ್ಣಗಳನ್ನು ಅಳೆದು ಅವು ಸಮವಾಗಿವೆಯೇ ಎಂದು ನೋಡುವುದರಿಂದ. ಚೌಕ ತಪ್ಪಿದ್ದರೆ ಮೊದಲ ಶೀಟಿನ ಕಾಲಿಂಚಿನ ಓರೆ ಕೊನೆಯ ಶೀಟಿಗೆ ಬರುವಷ್ಟರಲ್ಲಿ ಅಂಗೈ ಅಗಲವಾಗುತ್ತದೆ. ಈ ಭಾಗದಲ್ಲಿ ಹೆಚ್ಚು ಕಾಲ ಬೀಸುವ ಗಾಳಿ ಪಶ್ಚಿಮ ಮತ್ತು ನೈಋತ್ಯದ್ದಾದ ಕಾರಣ ಪೂರ್ವದ ತುದಿಯಿಂದ ಆರಂಭಿಸಿ ಪಶ್ಚಿಮದ ಕಡೆಗೆ ಸಾಗಬೇಕು. ಆಗ ಮೇಲೆ ಬರುವ ಪ್ರತಿ ಶೀಟಿನ ಅಂಚೂ ಗಾಳಿಗೆ ಬೆನ್ನು ಮಾಡಿರುತ್ತದೆ. ಬಿರುಗಾಳಿಗೆ ಗೊತ್ತಾದ ದಿಕ್ಕಿಲ್ಲದಿರುವುದರಿಂದ ಪಕ್ಕದ ಕೂಡುಗೆಗಳನ್ನು ಒಂದೂವರೆ ಅಡಿಗೊಂದರಂತೆ ಸಣ್ಣ ಸ್ಕ್ರೂಗಳಿಂದ ಹೊಲಿಯುವುದೂ ಅಗತ್ಯ. ಉದ್ದದಲ್ಲಿ ಶೀಟಿನ ಮೇಲೆ ಶೀಟು ಕೂಡಿಸಬೇಕಾದಲ್ಲಿ ಆರು ಇಂಚಿಗಿಂತ ಕಡಿಮೆಯಿಲ್ಲದಂತೆ ಒಂದರ ಮೇಲೊಂದು ಬರಬೇಕು, ಆ ಕೂಡುಗೆ ಪರ್ಲಿನ್ ಮೇಲೆಯೇ ಬೀಳಬೇಕು.

ಸ್ಕ್ರೂಗಳ ಖರ್ಚು ಇಡೀ ಶೆಡ್ಡಿನ ಖರ್ಚಿನಲ್ಲಿ ತೀರಾ ಸಣ್ಣ ಪಾಲು, ಆದರೆ ಜಿಪುಣತನ ನಡೆಯುವುದು ಹೆಚ್ಚಾಗಿ ಅಲ್ಲಿಯೇ. ಮೊಳೆಗಳು ಗಾಳಿಯ ಅಲುಗಾಟಕ್ಕೆ ಹಿಂದೆ ಸರಿಯುತ್ತವೆ. ತಾನೇ ರಂಧ್ರ ಕೊರೆದು ಪೈಪಿಗೆ ಕಚ್ಚುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂಗಳನ್ನೇ, ಬಿಸಿಲಿಗೆ ಒಡೆಯದ ರಬ್ಬರ್ ವಾಷರ್ ಸಮೇತ ಬಳಸಬೇಕು. ಸೂರು, ನೆತ್ತಿ ಮತ್ತು ಎರಡು ತುದಿಗಳಲ್ಲಿ ಪ್ರತಿ ಮಡಿಕೆಗೂ ಒಂದು, ನಡುವೆ ಮಡಿಕೆ ಬಿಟ್ಟು ಮಡಿಕೆಗೆ ಒಂದು ಎಂಬುದು ಸುಲಭವಾಗಿ ನೆನಪಿಡಬಹುದಾದ ಕ್ರಮ. ಏಣಿನ ಮೇಲೆ ಹಾಕಿದ ಸ್ಕ್ರೂಗೆ ನೀರು ತಾಗುವುದು ಕಡಿಮೆಯಾದರೂ ಹೆಚ್ಚು ಬಿಗಿದರೆ ಏಣು ತಗ್ಗುತ್ತದೆ. ತಗ್ಗಿನಲ್ಲಿ ಹಾಕಿದ್ದು ಪೈಪಿಗೆ ಗಟ್ಟಿಯಾಗಿ ಒತ್ತಿದರೂ ಅದರ ವಾಷರಿನ ಮೇಲೆ ನೀರು ಹರಿಯುತ್ತದೆ. ಶೀಟು ತಯಾರಕರು ಹೇಳಿದ ಕ್ರಮವನ್ನು ಅನುಸರಿಸಿ, ವಾಷರ್ ಸ್ವಲ್ಪ ಉಬ್ಬಿ ಅಂಚಿಗೆ ಕಾಣುವಷ್ಟಕ್ಕೆ ಬಿಗಿತವನ್ನು ನಿಲ್ಲಿಸಬೇಕು. ಕತ್ತರಿಸಲು ಗ್ರೈಂಡರ್ ಬಳಸಿದರೆ ಅದರ ಕಿಡಿ ಮತ್ತು ಬಿಸಿ ಅಂಚಿನ ಸತುವನ್ನು ಸುಟ್ಟುಹಾಕುವುದರಿಂದ ತಗಡು ಕತ್ತರಿಯೇ ಯೋಗ್ಯ. ಕೊರೆದಾಗ ಬಿದ್ದ ಕಬ್ಬಿಣದ ಪುಡಿಯನ್ನು ಅದೇ ದಿನ ಗುಡಿಸದಿದ್ದರೆ ಮೊದಲ ಮಳೆಗೇ ಅದು ತುಕ್ಕಾಗಿ ಬಣ್ಣದ ಮೇಲೆ ಕಲೆ ಬಿಡುತ್ತದೆ. ಟ್ರ್ಯಾಕ್ಟರ್ ಶೆಡ್ಡಿನಲ್ಲಿಯೇ ರಸಗೊಬ್ಬರದ ಚೀಲಗಳನ್ನು ಇಡುವ ರೈತರು, ಗೊಬ್ಬರದ ಲವಣ ತೇವ ಹೀರಿ ಕಂಬದ ಬುಡ ಮತ್ತು ಪಕ್ಕದ ತಗಡನ್ನು ತಿನ್ನುತ್ತದೆಂಬುದನ್ನು ಮರೆಯಬಾರದು.

ಸ್ವತಃ ಹೊದಿಸುವವರ ಜೀವಕ್ಕೆ ಸಂಬಂಧಿಸಿದ ಮಾತುಗಳಲ್ಲಿ ಮೊದಲನೆಯದು ವಿದ್ಯುತ್ತು. ಹನ್ನೆರಡು ಅಡಿಯ ಶೀಟನ್ನು ಎತ್ತಿ ತಿರುಗಿಸುವಾಗ ಅದು ಮೇಲಿನ ತಂತಿಗೆ ತಾಗಿದರೆ ಬದುಕುವ ಸಾಧ್ಯತೆ ಕಡಿಮೆ. ಹತ್ತಿರದಲ್ಲಿ ಲೈನ್ ಇದ್ದರೆ ಬೆಸ್ಕಾಂ ಕಚೇರಿಗೆ ತಿಳಿಸಿ, ವಿದ್ಯುತ್ ನಿಲ್ಲಿಸಿದ ಬಳಿಕವೇ ಕೆಲಸ ಮಾಡಬೇಕು. ಶೆಡ್ಡಿನೊಳಗೆ ಎಳೆದ ದೀಪದ ತಂತಿ ತಗಡಿನ ಅಂಚಿಗೆ ಉಜ್ಜಿ ಸವೆದರೆ ಇಡೀ ಛಾವಣಿಗೂ ಕಂಬಗಳಿಗೂ ವಿದ್ಯುತ್ ಹರಿಯುವುದರಿಂದ ತಂತಿಯನ್ನು ಪಿವಿಸಿ ಪೈಪಿನೊಳಗೇ ಒಯ್ದು, ಚೌಕಟ್ಟಿಗೆ ಅರ್ಥಿಂಗ್ ಕೊಡಬೇಕು. ಶೀಟಿನ ಮೇಲೆ ನಡೆಯುವವರು ಸ್ಕ್ರೂಗಳ ಸಾಲು ಹಿಡಿದು, ಪರ್ಲಿನ್ ಇರುವಲ್ಲಿಯೇ ಕಾಲಿಡಬೇಕು, ಸೊಂಟಕ್ಕೆ ಹಗ್ಗ ಕಟ್ಟಿರಬೇಕು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿದರೆ ಆ ದಿನದ ಕೆಲಸವನ್ನು ಅಲ್ಲಿಗೇ ಬಿಡಬೇಕು; ಅರ್ಧ ಬಿಗಿದ ಶೀಟು ಗಾಳಿಗೆ ಸಿಕ್ಕಿದಾಗ ಕತ್ತಿಯಷ್ಟೇ ಅಪಾಯಕಾರಿ.

ತಗಡಿನ ಕೆಳಗಿನ ಸೆಕೆ ಹಿರಿಯೂರಿನ ಬೇಸಿಗೆಯಲ್ಲಿ ಸಹಿಸಲಸಾಧ್ಯವಾಗುತ್ತದೆ. ಬಿಳಿ ಅಥವಾ ತಿಳಿಬಣ್ಣದ ಶೀಟು ಆರಿಸುವುದರಿಂದಲೂ, ನೆತ್ತಿಯ ಕೆಳಗೆ ಎರಡೂ ತುದಿಗಳಲ್ಲಿ ಬಿಸಿಗಾಳಿ ಹೊರಹೋಗಲು ಜಾಲರಿ ಬಿಡುವುದರಿಂದಲೂ ಅದನ್ನು ತಗ್ಗಿಸಬಹುದು. ಸೆಕೆಯ ಈ ತೊಂದರೆಯಿದ್ದರೂ ತಗಡಿನ ಛಾವಣಿಯಿಂದ ಒಂದು ದೊಡ್ಡ ಪ್ರಯೋಜನವಿದೆ, ಅದು ನೀರಿನದು. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ; ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಂದರೂ ಮೇಲೆ ಹೇಳಿದ ಶೆಡ್ಡಿನ ಮೇಲೆ 11,000 ಲೀಟರ್ ಬೀಳುತ್ತದೆ, ಸೋರಿಕೆ ಮತ್ತು ಮೊದಲ ಮಳೆಯ ಕೊಳೆನೀರನ್ನು ಕಳೆದರೂ ಎಂಟು ಸಾವಿರ ಲೀಟರಿಗೆ ಕಡಿಮೆಯಾಗದು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ತೊಂದರೆಯಿರುವ ಹಳ್ಳಿಗಳು ಹಲವಿರುವ ಈ ಜಿಲ್ಲೆಯಲ್ಲಿ, ಫ್ಲೋರೈಡ್ ಸೋಂಕದ ಈ ನೀರನ್ನು ಬೀದಿಗೆ ಬಿಡುವುದು ಸರಿಯಲ್ಲ. ಸೂರಿಗೆ ಒಂದು ದೋಣಿ, ಒಂದು ಇಳಿಪೈಪು, ಮುಚ್ಚಳವಿರುವ ಒಂದು ತೊಟ್ಟಿ ಇದ್ದರೆ ಸಾಕು. ಕುಡಿಯಲು ಬಳಸುವುದಾದರೆ ಸೋಸಿ ಕುದಿಸಬೇಕು.

ಶೀಟು ಹಾರಬಾರದೆಂದು ಅದರ ಮೇಲೆ ಕಲ್ಲುಗಳನ್ನೋ ಮರಳಿನ ಚೀಲಗಳನ್ನೋ ಹೇರುವ ವಾಡಿಕೆ ಹಳ್ಳಿ, ಪೇಟೆ ಎನ್ನದೆ ಎಲ್ಲೆಡೆ ಇದೆ. ಹತ್ತು ಕಲ್ಲುಗಳ ನೂರು ಕಿಲೋ ಭಾರ ಎರಡು ಟನ್ನಿನ ಸೆಳೆತವನ್ನು ತಡೆಯಲಾರದು. ತಗಡು ಎದ್ದಾಗ ಆ ಕಲ್ಲುಗಳು ಮಲಗಿದವರ ಮೇಲೆ ಅಥವಾ ದಾರಿಹೋಕರ ಮೇಲೆ ಬೀಳುತ್ತವೆ. ಅಂಥ ಶೆಡ್ಡುಗಳ ಮಾಲೀಕರು ಕಲ್ಲುಗಳನ್ನು ಇಳಿಸಿ, ಅಂಚುಗಳಲ್ಲಿ ಸ್ಕ್ರೂಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿ, ಕಂಬಗಳ ಬುಡಕ್ಕೆ ಇನ್ನಷ್ಟು ಕಾಂಕ್ರೀಟ್ ಕಟ್ಟಿಸುವುದನ್ನು ಮುಂದಿನ ಬೇಸಿಗೆಗೆ ಮುಂದೂಡಬಾರದು. ಅಶ್ವಿನಿ ಮಳೆ ಏಪ್ರಿಲ್ ಮಧ್ಯಕ್ಕೆ ಹುಟ್ಟುತ್ತದೆ. ಶಿವರಾತ್ರಿ ಮತ್ತು ಯುಗಾದಿಯ ನಡುವಿನ ಒಂದು ಬೆಳಗಿನಲ್ಲಿ ಏಣಿ ಹಾಕಿ ಹತ್ತಿ ಪ್ರತಿ ಸ್ಕ್ರೂವನ್ನೂ ಪರೀಕ್ಷಿಸಿ, ಸಡಿಲವಾದದ್ದನ್ನು ಬಿಗಿದು, ವಾಷರ್ ಒಡೆದದ್ದನ್ನು ಬದಲಿಸುವ ಕೆಲಸವನ್ನು ಮನೆಮನೆಯವರೂ ಪ್ರತಿವರ್ಷ ತಪ್ಪದೆ ಮಾಡಬೇಕು.